ಜೇನ್‌ಳ ಜಮಾ-ಖರ್ಚು

1994ರಲ್ಲಿ ನಾನು ಎರಡನೇ ಬಿ.ಎ. ಓದುತ್ತಿದ್ದೆ. ಇಂಗ್ಲಿಷ್‌ಗೆ ‘ಜೇನ್ ಏರ್’ ಕಾದಂಬರಿ ಇತ್ತು. ಪೂರ್ತಿ ಅಲ್ಲ, ಯಾರೋ ಕತ್ತರಿಸಿ ತೆಳ್ಳಗೆ ಮಾಡಿದ್ದು. ಅದನ್ನೂ ಓದದೆ ಗೈಡ್ ಇಟ್ಟುಕೊಂಡವರೇ ಜಾಸ್ತಿ. ನಾನೂ ಅವರಲ್ಲೊಬ್ಬಳು. ಕೊನೇ ಬೆಂಚು, ಕಿಟಕಿ ಪಕ್ಕ. ಮೂರೂವರೆ ಬಸ್ಸು ತಪ್ಪಿದರೆ ಆರೂಕಾಲರವರೆಗೆ ತಿಪಟೂರು ಬಸ್‌ ಸ್ಟ್ಯಾಂಡೇ ಗತಿ. ಹಾಗಾಗಿ ಕೊನೇ ಪೀರಿಯಡ್ಡಿನಲ್ಲಿ ನನ್ನ ಒಂದು ಕಣ್ಣು ಗಡಿಯಾರದ ಮೇಲೇ ಇರುತ್ತಿತ್ತು.

ಆ ಪಾಠ ಶುರು ಮಾಡಿದ ದಿನ ಮೇಡಂ ಪುಸ್ತಕವನ್ನೇ ತೆಗೆಯಲಿಲ್ಲ. ‘ಏನ್ರಮ್ಮಾ, ಒಬ್ಬೊಬ್ಬರ ಹತ್ರ ಈಗ ಎಷ್ಟೆಷ್ಟು ದುಡ್ಡಿದೆ?’ ಅಂದರು. ನನ್ನ ಹತ್ತಿರ ಬಸ್ ಪಾಸು ಮತ್ತು ಎರಡು ರೂಪಾಯಿ. ಮುಂದಿನ ಬೆಂಚಿನ ಒಬ್ಬಳು ‘ನಂಗೆ ಪರ್ಸೇ ಇಲ್ಲ ಮೇಡಂ’ ಅಂದಳು. ಎಲ್ಲರೂ ನಕ್ಕೆವು. ಮೇಡಂ ನಗಲಿಲ್ಲ. ‘ಈ ಕತೇಲಿ ಒಬ್ಬಳು ಹುಡುಗಿ ಇದಾಳೆ. ಅಪ್ಪ ಅಮ್ಮ ಇಲ್ಲ. ಅವಳ ಕೈಯಲ್ಲಿ ಯಾವಾಗ ಎಷ್ಟಿತ್ತು ಅಂತ ಬರೀತಾ ಹೋಗಿ. ಪ್ರೀತಿ ಗೀತಿ ಆಮೇಲೆ ನೋಡೋಣ.’

ಅಪ್ಪ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರು. ಮನೆಯಲ್ಲಿ ಅರ್ಧ ಬರೆದು ಬಿಟ್ಟ ಕೆಂಪು ರಟ್ಟಿನ ಲೆಕ್ಕದ ಪುಸ್ತಕ ಇತ್ತು. ಅದನ್ನೇ ತಂದೆ. ಎಡಕ್ಕೆ ಜಮಾ, ಬಲಕ್ಕೆ ಖರ್ಚು.

ನಮ್ಮ ತೆಳು ಪುಸ್ತಕದಲ್ಲಿ ಈ ಲೆಕ್ಕ ಸಿಗುತ್ತಲೇ ಇರಲಿಲ್ಲ. ಕತ್ತರಿಸಿದವರು ಬೆಂಕಿ, ಹುಚ್ಚಿ, ಮದುವೆ ಎಲ್ಲ ಉಳಿಸಿಕೊಂಡು ದುಡ್ಡಿನ ಮಾತನ್ನು ಹಾರಿಸಿದ್ದರು. ಮೇಡಂ ತಮ್ಮ ಹಳೇ ಪೂರ್ತಿ ಪುಸ್ತಕ ತಂದು ಓದಿ, ಕನ್ನಡದಲ್ಲಿ ಹೇಳುತ್ತಿದ್ದರು. ಲೋವುಡ್ ಶಾಲೆಯಲ್ಲಿ ಟೀಚರ್ ಆಗಿದ್ದಾಗ ಜೇನ್‌ಗೆ ವರ್ಷಕ್ಕೆ 15 ಪೌಂಡ್. ಥಾರ್ನ್‌ಫೀಲ್ಡ್ ಬಂಗಲೆಯಲ್ಲಿ ಮಗುವಿಗೆ ಪಾಠ ಹೇಳುವ ಕೆಲಸಕ್ಕೆ 30. ಬರೆದುಕೊಂಡೆ.

ಅಲ್ಲಿಯವರೆಗೆ ನನಗದು ಸುಮ್ನೆ ಆಟ. ಪುಸ್ತಕ ನನ್ನನ್ನು ಹಿಡಿದದ್ದು ಐದು ಶಿಲಿಂಗ್‌ನ ಜಾಗದಲ್ಲಿ. ಇಪ್ಪತ್ತು ಶಿಲಿಂಗ್ ಸೇರಿದರೆ ಆಗ ಒಂದು ಪೌಂಡ್.

ಅತ್ತೆಗೆ ಸಾಯೋ ಕಾಯಿಲೆ, ಊರಿಗೆ ಹೋಗಬೇಕು ಅಂತ ಜೇನ್ ರಜೆ ಕೇಳುತ್ತಾಳೆ. ಯಜಮಾನ ರಾಚೆಸ್ಟರ್ ‘ದುಡ್ಡೆಷ್ಟಿದೆ?’ ಅನ್ನುತ್ತಾನೆ. ಪರ್ಸು ತೆಗೆದು ತೋರಿಸುತ್ತಾಳೆ, ಐದೇ ಶಿಲಿಂಗ್. ಅವನು 50 ಪೌಂಡಿನ ನೋಟು ಕೊಡುತ್ತಾನೆ. ಬರಬೇಕಾದ ಸಂಬಳ 15. ‘ಚಿಲ್ಲರೆ ಇಲ್ಲ ಸಾರ್’ ಅನ್ನುತ್ತಾಳೆ ಇವಳು. ಅಷ್ಟೊತ್ತಿಗೆ ಅವನಿಗೆ ಇನ್ನೊಂದು ಯೋಚನೆ: 50 ಕೈಯಲ್ಲಿದ್ದರೆ ಮೂರು ತಿಂಗಳು ಬರದೇ ಇದ್ದುಬಿಟ್ಟಾಳು! ನೋಟು ವಾಪಸ್ ಇಟ್ಟುಕೊಂಡು 10 ಕೊಡುತ್ತಾನೆ, ಸಾಕಲ್ವಾ ಅಂತ. ‘ಸಾಕು ಸಾರ್. ಆದ್ರೆ ಇನ್ನೂ ಐದು ನೀವು ಕೊಡಬೇಕು.’

ಅವನ ಮೇಲೆ ಜೀವವನ್ನೇ ಇಟ್ಟುಕೊಂಡ ಹುಡುಗಿ ಆಡುವ ಮಾತು ಇದು. ಬಂದು ತಗೋ, ಅಲ್ಲಿಯವರೆಗೆ 40 ಪೌಂಡಿಗೆ ನಾನೇ ನಿನ್ನ ಬ್ಯಾಂಕರ್ ಅಂತ ಅವನು ತಮಾಷೆ ಮಾಡುತ್ತಾನೆ.

ನಾನೀಗ ಬ್ಯಾಂಕಿನಲ್ಲೇ ಇದ್ದೇನೆ. ಬೇರೆ ಯಾರೋ ಬರೆದುಕೊಟ್ಟ ಸ್ಲಿಪ್ ಹಿಡಿದು ಕೌಂಟರಿಗೆ ಬರುವ ಹೆಂಗಸರಿದ್ದಾರೆ. ‘ಎಷ್ಟು ಅಂತ ಬರ್ದವ್ರೆ ನೋಡಮ್ಮ’ ಅಂತ ನನ್ನನ್ನೇ ಕೇಳುತ್ತಾರೆ. ಆಗೆಲ್ಲ ಈ ರಾಚೆಸ್ಟರ್ ನೆನಪಾಗುತ್ತಾನೆ.

ರಾಚೆಸ್ಟರ್ ಜೊತೆ ಜೇನ್‌ಳ ಮದುವೆ ನಿಂತುಹೋದ ಮೇಲಿನ ಪುಟಗಳನ್ನು ಮೇಡಂ ಎರಡು ದಿನ ಓದಿದರು. ಅವನಿಗೆ ಮೊದಲೇ ಹೆಂಡತಿ ಇದ್ದಾಳೆ, ಮಹಡಿ ಮೇಲೆ ಕೂಡಿಹಾಕಿದ್ದಾನೆ ಅಂತ ಗೊತ್ತಾದಾಗ ಜೇನ್ ಬೆಳಗಾಗುವ ಮೊದಲೇ ಹೊರಟುಬಿಡುತ್ತಾಳೆ. ಅವನು ಕೊಟ್ಟ ಮುತ್ತಿನ ಸರ ಅಲ್ಲೇ ಬಿಟ್ಟಳು. ಪರ್ಸಿನಲ್ಲಿ 20 ಶಿಲಿಂಗ್. ಗಾಡಿಯವನು ಕೇಳಿದ್ದು 30. ಅಷ್ಟಕ್ಕೆ ಎಲ್ಲಿಯವರೆಗೆ ಆಗುತ್ತೋ ಅಲ್ಲಿಗೆ ಬಿಡುತ್ತಾನೆ. ಬಟ್ಟೆಗಂಟು ಗಾಡಿಯಲ್ಲೇ ಉಳಿಯಿತು. ಎರಡು ದಿನ ಹೊಟ್ಟೆಗಿಲ್ಲದೆ ಅಲೆದು, ಕೊನೆಗೆ ಒಂದು ಗುಡಿಸಲ ಬಾಗಿಲಲ್ಲಿ ಒಬ್ಬಳು ಪುಟ್ಟ ಹುಡುಗಿ ಹಂದಿಗೆ ಸುರಿಯಲು ಹೊರಟಿದ್ದ ತಣ್ಣನೆ ಗಂಜಿ ನೋಡಿ, ನನಗೆ ಕೊಡ್ತೀಯಾ ಅಂತ ಕೇಳುತ್ತಾಳೆ. ಒಳಗಿನಿಂದ ತಾಯಿ, ‘ಭಿಕ್ಷೆಯವಳಾದ್ರೆ ಕೊಟ್ಬಿಡು, ಹಂದಿಗೇನು ಬೇಡ’ ಅನ್ನುತ್ತಾಳೆ. ಜಮಾ ಕಡೆ ‘ಗಂಜಿ’ ಅಂತ ಬರೆದೆ. ಪಕ್ಕದಲ್ಲಿ ಎಷ್ಟು ಅಂತ ಬರೆಯಲು ಆಗಲಿಲ್ಲ.

ಆಮೇಲಿನದ್ದು ಬೇಗ ಹೇಳುತ್ತೇನೆ. ಒಂದು ಮನೆಯವರು ಒಳಗೆ ಕರೆದು ಅನ್ನ ಹಾಕಿದರು. ಹಳ್ಳಿ ಶಾಲೆಯಲ್ಲಿ ಕೆಲಸ, ಮತ್ತೆ ಅದೇ 30 ಪೌಂಡ್. ಚಿಕ್ಕಪ್ಪನ ಆಸ್ತಿ 20,000 ಬಂತು. ಅನ್ನ ಹಾಕಿದವರು ಸೋದರತ್ತೆಯ ಮಕ್ಕಳೇ ಅಂತ ತಿಳಿದು, ನಾಲ್ಕು ಪಾಲು ಮಾಡಿ ತನಗೆ 5,000 ಇಟ್ಟುಕೊಂಡಳು. ಅವರಲ್ಲಿ ಸೇಂಟ್ ಜಾನ್ ಅನ್ನುವ ಪಾದ್ರಿ, ಜರ್ಮನ್ ಬಿಟ್ಟು ಹಿಂದೂಸ್ತಾನಿ ಕಲಿ, ನನ್ನ ಹೆಂಡತಿಯಾಗಿ ಇಂಡಿಯಾಕ್ಕೆ ಬಾ ಅನ್ನುತ್ತಾನೆ. ಹಿಂದಿಯಲ್ಲಿ ಗೋತಾ ಹೊಡೆದಿದ್ದ ನಾವು ಹೊಟ್ಟೆ ತುಂಬ ನಕ್ಕೆವು. ಇಂಡಿಯಾಕ್ಕೆ ಬರ್ತೀನಿ, ಹೆಂಡತಿಯಾಗಿ ಮಾತ್ರ ಇಲ್ಲ ಅನ್ನುತ್ತಾಳೆ ಜೇನ್. ಕಡೆಗೆ, ಕಣ್ಣು ಕಳೆದುಕೊಂಡ ರಾಚೆಸ್ಟರ್ ಬಳಿಗೆ ತಾನೇ ಹೋಗುತ್ತಾಳೆ. ಈಗ ನನಗೆ ದುಡ್ಡಿದೆ, ನನಗೆ ನಾನೇ ಯಜಮಾನಿ ಅಂತ ಮೊದಲು ಹೇಳಿಯೇ ಆಮೇಲೆ ಮದುವೆ.

ಎಷ್ಟೋ ವರ್ಷದ ಮೇಲೆ ಓದಿ ತಿಳಿದದ್ದು: ಕಾದಂಬರಿ ಬಂದದ್ದು 1847ರಲ್ಲಿ. ಬೇರೆ ಕರಾರು ಇಲ್ಲದಿದ್ದರೆ ಆಗ ಇಂಗ್ಲೆಂಡಿನಲ್ಲಿ ಹೆಂಡತಿಯ ದುಡ್ಡು ಗಂಡನದ್ದೇ. ಅದು ಪೂರ್ತಿ ಬದಲಾದದ್ದು 1882ರ ಕಾಯ್ದೆಯಿಂದ. ಹಾಗಾದರೆ ಜೇನ್‌ಳ 5,000? ಮೇಡಂಗೆ ಗೊತ್ತಿದ್ದಿರಬೇಕು. ನಮಗೆ ಹೇಳಲಿಲ್ಲ. ನಮ್ಮ ಖುಷಿ ಕೆಡಿಸೋದು ಬೇಡ ಅನ್ನಿಸಿತೋ ಏನೋ.

ಕೊನೇ ಕ್ಲಾಸು. ಪರ್ಸೇ ಇಲ್ಲ ಅಂದಿದ್ದ ಹುಡುಗಿ ಎದ್ದು ನಿಂತಳು. ಅವಳಿಗೆ ಆ ತಿಂಗಳಷ್ಟೇ ಮದುವೆ ಗೊತ್ತಾಗಿತ್ತು, ಮಾತುಕತೆ ನಡೆಯುತ್ತಿತ್ತು. ‘ಮೇಡಂ, ಆ ಮಹಡಿ ಮೇಲಿನವಳ ದುಡ್ಡು?’

ಮೇಡಂ ಪುಟ ತಿರುಗಿಸಿ ಹುಡುಕಿದರು. ಸಿಕ್ಕಿತು. ಬರ್ಥಾಳನ್ನು ಮದುವೆಯಾಗುವಾಗ ಅವಳ ಜೊತೆ ಬಂದದ್ದು 30,000 ಪೌಂಡ್. ಜೇನ್‌ಗೆ ಬಂದ ಆಸ್ತಿಗಿಂತಲೂ ಜಾಸ್ತಿ. ನಾನು ಹೊಸ ಪುಟ ತೆಗೆದು ಮೇಲೆ ‘ಬರ್ಥಾ’ ಅಂತ ಬರೆದೆ. ಜಮಾ 30,000. ಖರ್ಚು ಕಡೆ ಏನು ಬರೀಲಿ ಮೇಡಂ ಅಂತ ಕೇಳಿದೆ.

ಅವರು ಕುರ್ಚಿ ಎಳೆದು ಕೂತರು. ಬೆಲ್ ಹೊಡೆಯಿತು. ಯಾರೂ ಏಳಲಿಲ್ಲ. ಅವತ್ತು ನನಗೆ ಮೂರೂವರೆ ಬಸ್ಸು ತಪ್ಪಿತು.