ಮಡಚುವ ರೋಯಿಂಗ್ ಮಷಿನ್: ಮೊದಲು ಹಳಿ ನೋಡಿ

ರೋಯಿಂಗ್ ಮಷಿನ್, ಅಂದರೆ ಕೂತು ದೋಣಿಯ ಹುಟ್ಟು ಹಾಕಿದಂತೆ ಎಳೆಯುವ ವ್ಯಾಯಾಮದ ಯಂತ್ರ, ಮಡಚಿಟ್ಟರೆ ಎಷ್ಟು ಜಾಗ ಹಿಡಿಯುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಬಿಚ್ಚಿದಾಗಿನ ಅಳತೆಯೇ ಮುಖ್ಯ. ದೊಡ್ಡವರಿಗೆ ಸರಿಹೊಂದುವ ಮಷಿನ್‌ಗಳು ಸಾಮಾನ್ಯವಾಗಿ 2ರಿಂದ 2.5 ಮೀಟರ್ ಉದ್ದ ಇರುತ್ತವೆ. ಹಿಂದಕ್ಕೆ ವಾಲಿದಾಗ ತಲೆ ಗೋಡೆಗೆ ತಾಗದಂತೆ ಇನ್ನೂ ಅರ್ಧ ಮೀಟರ್ ಬಿಡಿ.

ನಿಜವಾದ ಪರೀಕ್ಷೆ ಸೀಟು ಜಾರುವ ಹಳಿಯದ್ದು. ಪಾದಗಳನ್ನು ಪಟ್ಟಿಯಲ್ಲಿ ಬಿಗಿದು ಕಾಲು ಪೂರ್ತಿ ಚಾಚಿ. ಮಂಡಿ ನೇರವಾಗುವ ಮೊದಲೇ ಸೀಟು ತುದಿಯ ತಡೆಗೆ ಬಡಿದರೆ ಆ ಮಷಿನ್ ನಿಮಗಲ್ಲ, ಬೆಲೆ ಎಷ್ಟೇ ಕಡಿಮೆಯಿರಲಿ. ಆಮೇಲೆ ಇಳಿದು, ಸೀಟನ್ನು ಅಂಗೈಯಿಂದ ಒತ್ತಿ ನಿಧಾನಕ್ಕೆ ಜಾರಿಸಿ. ಮಡಚುವ ಕೀಲು ಹಳಿಯ ನಡುವೆ ಇದ್ದರೆ, ಅದರ ಮೇಲೆ ಹಾಯುವಾಗ ‘ಟಕ್’ ಎನ್ನಬಾರದು. ಆ ಸದ್ದು ಬಂದರೆ ಹಳಿಯ ಎರಡು ತುಂಡುಗಳು ಸಮವಾಗಿ ಕೂತಿಲ್ಲ ಎಂದರ್ಥ. ಸೀಟಿನ ಚಕ್ರಗಳು ಅಲ್ಲೇ ಸವೆಯುತ್ತವೆ. ಲಾಕ್ ಪಿನ್ ಹಾಕಿದ ಮೇಲೂ ಹಳಿ ಅಲುಗಿದರೆ ಬೇಡವೇ ಬೇಡ.

ಎಳೆತಕ್ಕೆ ತಡೆ ಕೊಡುವ ಬಗೆಯನ್ನೂ ನೋಡಿ. ಸದ್ದು ಬೇಡದವರಿಗೆ ಆಯಸ್ಕಾಂತದಿಂದ ತಡೆ ಕೊಡುವ ಮ್ಯಾಗ್ನೆಟಿಕ್ ಒಳ್ಳೆಯದು. ಫ್ಯಾನಿನ ಗಾಳಿಯಿಂದ ತಡೆ ಕೊಡುವ ಏರ್ ಮಷಿನ್ ಜೋರಾಗಿ ಎಳೆದಷ್ಟೂ ಬಿಗಿಯಾಗುತ್ತದೆ, ಫ್ಯಾನಿನ ಸದ್ದೂ ಏರುತ್ತದೆ. ಎಣ್ಣೆ ತುಂಬಿದ ಸಿಲಿಂಡರಿನಿಂದ ತಡೆ ಕೊಡುವ ಹೈಡ್ರಾಲಿಕ್ ಚಿಕ್ಕದು, ನಿಜ. ಆದರೆ ಸಿಲಿಂಡರಿನ ಎಣ್ಣೆ ಕಾದಂತೆ ಎಳೆತ ಸಡಿಲವಾಗುತ್ತದೆ.

ವ್ಯಾಯಾಮ ಮುಗಿದ ಕೂಡಲೇ ಹಳಿಯನ್ನು ಬಟ್ಟೆಯಿಂದ ಒರೆಸಿ. ಬೆವರು, ಧೂಳು ಸೇರಿ ಕಪ್ಪು ಜಿಡ್ಡಾದರೆ ಸೀಟು ತಡೆತಡೆದು ಓಡುತ್ತದೆ.