ಕತ್ತಿ ಇಲ್ಲ, ಬೇಕಾಗಿಯೂ ಇಲ್ಲ

"ಕತ್ತಿ ಎಲ್ಲಿ?"

ನನ್ನ ಸಂಗ್ರಹ ನೋಡಿದವರೆಲ್ಲ ಮೊದಲು ಕೇಳುವುದು ಇದನ್ನೇ. ಬಾಯಲ್ಲಿ ಉತ್ತರ ಹೇಳಿ ಸಾಕಾಗಿದೆ, ಬರೆದೇ ಬಿಡುತ್ತೇನೆ.

ನಾನು ಕೂಡಿಡುವುದು ತ್ಸುಬಾ. ಜಪಾನಿ ಕತ್ತಿಯ ಹಿಡಿಗೂ ಅಲಗಿಗೂ ನಡುವೆ ಕೂರುವ ಕಬ್ಬಿಣದ ಬಿಲ್ಲೆ. ಏಳೆಂಟು ಸೆಂಟಿಮೀಟರ್ ಅಗಲ, ಅಂಗೈಯಲ್ಲಿ ಹಿಡಿಸುತ್ತದೆ. ಕೈ ಜಾರಿ ಅಲಗಿಗೆ ತಾಗದಂತೆ ತಡೆಯುವುದು ಇದೇ. ಕತ್ತಿ ನನ್ನ ಹತ್ತಿರ ಯಾವತ್ತೂ ಇರಲಿಲ್ಲ.

ಹಾಗಂದ ತಕ್ಷಣ ಎದುರಿನವರ ಮುಖದಲ್ಲಿ ಕನಿಕರ. "ಅಯ್ಯೋ, ಬರೀ ಬಿಡಿಭಾಗವಾ?" ಈ ಮಾತಿಗೆ ನನಗೆ ಸಿಟ್ಟು ಬರುತ್ತದೆ. ಕತ್ತಿ ಮುರಿದು ಕಿತ್ತದ್ದಲ್ಲ ಇದು. ಹಿಡಿಯಲ್ಲಿರುವ ಬಿದಿರಿನ ಮೊಳೆ ತೆಗೆದರೆ ಹಿಡಿ ಕಳಚುತ್ತದೆ, ಹಿಂದೆಯೇ ತ್ಸುಬಾ ಕೈಗೆ ಬರುತ್ತದೆ. ಮಾಡಿದ್ದೇ ಹಾಗೆ. ಕತ್ತಿ ಕಟ್ಟುತ್ತಿದ್ದ ಜಪಾನಿ ಯೋಧರು, ಸಮುರಾಯಿಗಳೇ, ಒಂದನ್ನು ತೆಗೆದು ಇನ್ನೊಂದು ಹಾಕಿಕೊಳ್ಳುತ್ತಿದ್ದರು. 1876ರಲ್ಲಿ ಜಪಾನಿನ ಮೇಜಿ ಸರ್ಕಾರ ಸೈನಿಕರು, ಪೊಲೀಸರಂಥ ಕೆಲವರನ್ನು ಬಿಟ್ಟು ಉಳಿದವರು, ಸಮುರಾಯಿಗಳೂ ಸೇರಿ, ಕತ್ತಿ ಕಟ್ಟಿಕೊಂಡು ಓಡಾಡುವುದನ್ನು ನಿಷೇಧಿಸಿತು. ಆಮೇಲೆ ಎಷ್ಟೋ ತ್ಸುಬಾಗಳು ಒಂಟಿಯಾಗಿಯೇ ಯುರೋಪಿಗೂ ಅಮೆರಿಕಕ್ಕೂ ಹೋದವು.

ಒಮ್ಮೆ ನೆಂಟರೊಬ್ಬರು ಒಂದನ್ನು ಎತ್ತಿಕೊಂಡು, "ತುಕ್ಕು ಹಿಡಿದಿದೆಯಲ್ಲೋ ಮಾರಾಯ, ಎಮರಿ ಪೇಪರ್ ಹಾಕಿ ಉಜ್ಜು, ಫಳಫಳ ಅನ್ನತ್ತೆ" ಅಂದರು. ಅವರ ಕೈಯಿಂದ ವಾಪಸ್ ಇಸ್ಕೊಳ್ಳೋವರೆಗೆ ನನಗೆ ಉಸಿರಿಲ್ಲ. ಆ ಕಪ್ಪುಗಂದು ಬಣ್ಣವೇ ಅದರ ಜೀವ. ಮಾಡಿದವನು ಬೇಕೆಂದೇ ಬರಿಸಿದ ಪದರ ಅದು. ನೂರಾರು ವರ್ಷ ಕೈ ತಾಗಿ, ಬಟ್ಟೆ ತಾಗಿ ಮಾಗಿದೆ. ಉಜ್ಜಿದರೆ ಹೋಯಿತು, ಮತ್ತೆ ಬರುವುದಿಲ್ಲ. ನಾನು ಹಳೇ ಹತ್ತಿಬಟ್ಟೆಯಲ್ಲಿ ಸುಮ್ನೆ ಒರೆಸುತ್ತೇನೆ, ಅಷ್ಟೇ. ಎಲ್ಲಾದರೂ ಕೆಂಪು ತುಕ್ಕು ಎದ್ದರೆ ಮೂಳೆಯ ಚೂರಿನಿಂದ ಮೆಲ್ಲಗೆ ಕೆರೆಯುತ್ತೇನೆ. ಮೂಳೆ ಕಬ್ಬಿಣಕ್ಕಿಂತ ಮೆದು, ಗೀರು ಬೀಳಲ್ಲ.

ನಿಜವಾಗಿ ಕೇಳಬೇಕಾದ್ದು ನಡುವಿನ ತೂತಿನ ಬಗ್ಗೆ. ಅದರ ಮೇಲೂ ಕೆಳಗೂ ತಾಮ್ರದ ತುಂಡು ಯಾಕಿದೆ ಅಂತ ಒಬ್ಬರಾದರೂ ಕೇಳಬಾರದಾ? ಹಿಡಿಯೊಳಗೆ ಇಳಿಯುವ ಕತ್ತಿಯ ಬುಡ ಈ ತೂತಿನಲ್ಲಿ ಹಾದುಹೋಗುತ್ತದೆ. ತೂತು ದೊಡ್ಡದಾದರೆ ತ್ಸುಬಾ ಅಲ್ಲಾಡುತ್ತದೆ. ಅದಕ್ಕೆ ಮೆದುವಾದ ತಾಮ್ರ ತುಂಬಿ ಬಿಗಿ ಮಾಡುತ್ತಿದ್ದರು. ನನ್ನ ಹತ್ತಿರ ಇರುವ ಒಂದರಲ್ಲಿ ತಾಮ್ರವೂ ಇದೆ, ತೂತಿನ ಸುತ್ತ ಉಳಿಯ ಏಟುಗಳೂ ಇವೆ. ತಾಮ್ರ ಸಾಲದೆ ಕಬ್ಬಿಣವನ್ನೇ ಒಳಕ್ಕೆ ಬಡಿದು ತಂದಿದ್ದಾರೆ. ಒಂದೇ ಕತ್ತಿಯ ಜೊತೆ ಬಾಳಿದ್ದಿದ್ದರೆ ಇಷ್ಟೆಲ್ಲ ಯಾಕೆ ಬೇಕಿತ್ತು? ಹಾಗಿರುವಾಗ ಯಾವ ಕತ್ತಿಯನ್ನು ಹುಡುಕಿ ಇದಕ್ಕೆ ಜೋಡಿ ಮಾಡಲಿ, ಹೇಳಿ.

ಇನ್ನು ಮುಂದೆ ನೋಡಲು ಬರುವವರು ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ, ಬೆವರಿನ ಉಪ್ಪು ಕಬ್ಬಿಣಕ್ಕೆ ಆಗಲ್ಲ. ಅಂಚು ಹಿಡಿದು ಎತ್ತಿಕೊಳ್ಳಿ. ಜಪಾನಿನ ಓವಾರಿ ಸೀಮೆಯ ಹಳೇ ತ್ಸುಬಾ ಆದರೆ ಅಂಚಿನಲ್ಲಿ ಅಲ್ಲಲ್ಲಿ ಸಣ್ಣ ಗಂಟು ಬೆರಳಿಗೆ ಸಿಗುತ್ತದೆ. ಅದು ದೋಷ ಅಲ್ಲ. ಕಬ್ಬಿಣದೊಳಗಿನ ಗಡಸು ಭಾಗ ಮೇಲೆದ್ದು ನಿಂತದ್ದು. ಜಪಾನಿನ ಸಂಗ್ರಾಹಕರು ಅದನ್ನೇ ಹುಡುಕಿಕೊಂಡು ಹೋಗುತ್ತಾರೆ. ಆ ಗಂಟಿನ ಬಗ್ಗೆ ಕೇಳಿ, ಊಟದ ಹೊತ್ತಿನವರೆಗೂ ಹೇಳುತ್ತೇನೆ.