ಗಾಯಕ ಬಾವಿಯಲ್ಲಿರಲಿಲ್ಲ, ಜ್ಯಾಕ್ ಸಡಿಲವಾಗಿತ್ತು

‘ಸರ್, ನೀವು ಕೇಳಿದ್ದು ನಮ್ಮ ಆಲ್ಬಮ್ಮೇನಾ?’

ಶನಿವಾರ ಬೆಳಿಗ್ಗೆ ಹಲ್ಲುಜ್ಜುತ್ತಾ ಮೊಬೈಲ್ ನೋಡುವಾಗ ಕಂಡ ಮೇಲ್ ಇದು. ಕಳಿಸಿದವರು ಬೆಂಗಳೂರಿನ ನಾಲ್ಕು ಹುಡುಗರ ಬ್ಯಾಂಡೊಂದರ ಡ್ರಮ್ಮರ್. ಅವರ ಮೊದಲ ಆಲ್ಬಮ್ ಬಗ್ಗೆ ನಾನು ಬರೆದ ಟಿಪ್ಪಣಿ ಹಿಂದಿನ ಸಂಜೆಯಷ್ಟೇ ಹೊರಬಿದ್ದಿತ್ತು. ಬೈದು ಬರೆದಿರಲಿಲ್ಲ. ಹೊಗಳಿದ್ದೆ, ಅದೂ ಧಾರಾಳವಾಗಿ. ಥ್ಯಾಂಕ್ಸ್ ಹೇಳಿರುತ್ತಾರೆ ಅಂದುಕೊಂಡೇ ಮೇಲ್ ತೆರೆದೆ.

‘ಬಾಸ್ ಗಿಟಾರ್ ಕೈಬಿಟ್ಟಿರುವುದು ದಿಟ್ಟ ನಿರ್ಧಾರ ಅಂತ ಬರೆದಿದ್ದೀರಿ. ನಮ್ಮಲ್ಲಿ ಬಾಸ್ ನುಡಿಸೋನು ಒಬ್ಬ ಇದ್ದಾನೆ ಸರ್. ಒಂಬತ್ತು ಹಾಡಲ್ಲೂ ನುಡಿಸಿದ್ದಾನೆ. ನಿನ್ನೆ ರಾತ್ರಿಯಿಂದ ಅವನು ಯಾರ ಹತ್ರಾನೂ ಮಾತಾಡ್ತಿಲ್ಲ.’

ಬಾಯಲ್ಲಿದ್ದ ಪೇಸ್ಟ್ ಅರ್ಧ ನುಂಗಿದೆ. ಬಾಸ್ ಅಂದರೆ ಹಾಡಿನ ತಳದಲ್ಲಿ ಗುಮ್ ಅನ್ನುವ ದಪ್ಪ ಸ್ವರದ ಗಿಟಾರ್.

ನಾನು ಮಾಡುವ ಕೆಲಸ ಏನೆಂದು ನಮ್ಮ ಮನೆಯಲ್ಲಿ ಇನ್ನೂ ಯಾರಿಗೂ ಸರಿಯಾಗಿ ಗೊತ್ತಿಲ್ಲ. ‘ಹಾಡು ಕೇಳೋಕೂ ಸಂಬಳ ಕೊಡ್ತಾರೇನೋ?’ ಅಂತ ಅಮ್ಮ ಇವತ್ತಿಗೂ ಕೇಳುತ್ತಾರೆ. ಕೊಡುತ್ತಾರೆ, ಆದರೆ ಕೇಳಿದ್ದಕ್ಕಲ್ಲ, ಕೇಳಿ ಬರೆದಿದ್ದಕ್ಕೆ. ಹಾಡು ಕೇಳುವ ಆ್ಯಪ್ ಒಂದಕ್ಕೆ ಹೊಸ ಇಂಡೀ ಮತ್ತು ಆಲ್ಟರ್ನೇಟಿವ್, ಅಂದರೆ ದೊಡ್ಡ ಕಂಪನಿಗಳ ಹಂಗಿಲ್ಲದ, ಸಿನಿಮಾ ಹಾಡಿನ ದಾರಿ ಬಿಟ್ಟ ಬ್ಯಾಂಡುಗಳ ಆಲ್ಬಮ್‌ಗಳ ಬಗ್ಗೆ ಕನ್ನಡದಲ್ಲಿ ನೂರೈವತ್ತು ಪದಗಳ ಟಿಪ್ಪಣಿ ಬರೆಯುತ್ತೇನೆ. ಏನಿದೆ, ಹೇಗಿದೆ, ಯಾರಿಗೆ ಹಿಡಿಸಬಹುದು, ಇಷ್ಟೇ.

ಆಲ್ಬಮ್‌ಗಳು ಬರುವುದು ಶುಕ್ರವಾರ. ಮುಂಚೆ ಬ್ರಿಟನ್ನಿನಲ್ಲಿ ಸೋಮವಾರ, ಅಮೆರಿಕದಲ್ಲಿ ಮಂಗಳವಾರ ಬರುತ್ತಿದ್ದವು. 2015ರ ಜುಲೈ 10ರಿಂದ ಎಲ್ಲ ಕಡೆ ಶುಕ್ರವಾರ ಎಂದಾಯಿತು. ಯಾರಿಗೆ ಅನುಕೂಲವಾಯಿತೋ ಗೊತ್ತಿಲ್ಲ, ನನ್ನಂಥವರಿಗಂತೂ ಶುಕ್ರವಾರ ಎಂದರೆ ಮದುವೆ ಮನೆಯ ಅಡುಗೆ ಕೋಣೆ. ಸಂಜೆ ಐದರೊಳಗೆ ಆರು ಆಲ್ಬಮ್. ಒಂದೊಂದು ನಲವತ್ತು ನಿಮಿಷ ಎಂದರೂ ಒಂದೊಂದು ಸಲ ಕೇಳುವುದಕ್ಕೇ ನಾಲ್ಕು ಗಂಟೆ ಬೇಕು. ಎರಡನೇ ಸಲ ಕೇಳುವುದೆಲ್ಲ ಕನಸಿನ ಮಾತು.

ಆ ಶುಕ್ರವಾರ ಏನಾಯಿತು ಅಂದರೆ, ಈ ಬ್ಯಾಂಡಿನ ಆಲ್ಬಮ್ ಕೊನೆಗೆ ಉಳಿದಿತ್ತು. ಹಾಡಿನ ಜೊತೆ ಬ್ಯಾಂಡಿನವರ ಪರಿಚಯ ಪತ್ರವೂ ಬಂದಿತ್ತು. ಅದರಲ್ಲಿ ‘ಶೂಗೇಜ್ ಪ್ರಭಾವ’ ಎಂಬ ಎರಡು ಪದ. ಈ ಶೂಗೇಜ್ ಎನ್ನುವುದು ಎಂಬತ್ತರ ದಶಕದ ಕೊನೆಗೆ ಬ್ರಿಟನ್ ಕಡೆ ಹುಟ್ಟಿದ ಗಿಟಾರ್ ಸಂಗೀತ. ಗಿಟಾರ್ ನುಡಿಸುವವರು, ಸದ್ದು ಬದಲಿಸಲು ಕಾಲಲ್ಲಿ ಒತ್ತುವ ಪೆಡಲ್‌ಗಳನ್ನೇ ನೋಡುತ್ತಾ ನಿಲ್ಲುತ್ತಿದ್ದರು, ಬೂಟು ನೋಡುವವರು ಅಂತ ಪತ್ರಿಕೆಗಳವರು ಗೇಲಿ ಮಾಡಿದರು, ಆ ಹೆಸರೇ ಉಳಿಯಿತು. ಇದರಲ್ಲಿ ಗಿಟಾರ್‌ಗಳು ಪದರ ಪದರವಾಗಿ ತುಂಬಿಕೊಂಡಿರುತ್ತವೆ. ಹಾಡುವವರ ದನಿಯನ್ನು ಬೇಕೆಂದೇ ಹಿಂದಕ್ಕೆ ತಳ್ಳಿರುತ್ತಾರೆ. ಮೈ ಬ್ಲಡಿ ವ್ಯಾಲೆಂಟೈನ್ ಬ್ಯಾಂಡಿನ 1991ರ ‘ಲವ್‌ಲೆಸ್’ ಕೇಳಿದವರಿಗೆ ಗೊತ್ತು, ಅಲ್ಲಿ ದನಿಯೂ ಇನ್ನೊಂದು ವಾದ್ಯ ಅಷ್ಟೇ.

ಹೆಡ್‌ಫೋನ್ ಹಾಕಿಕೊಂಡೆ. ಗಿಟಾರ್‌ಗಳು ಎರಡೂ ಕಿವಿ ತುಂಬಿದವು. ದನಿ ಮಾತ್ರ ಎಲ್ಲೋ ದೂರದಿಂದ, ಬಾವಿಯೊಳಗಿಂದ ಬಂದ ಹಾಗೆ. ಪದಗಳು ತಿಳಿಯುವುದಿಲ್ಲ, ಅದರ ಗುಂಗು ಮಾತ್ರ ಕೇಳುತ್ತದೆ. ಬಾಸ್ ಇಲ್ಲವೇ ಇಲ್ಲ. ಡ್ರಮ್ಸಿನಲ್ಲಿ ತಾಳದ ತಟ್ಟೆಗಳ ಝಣಝಣ ಬಿಟ್ಟರೆ ಕೆಳಗಿನ ಏಟಿಗೆ ಭಾರವೇ ಇಲ್ಲ. ಅಬ್ಬಾ, ಏನು ಧೈರ್ಯ ಈ ಹುಡುಗರದ್ದು ಅಂದುಕೊಂಡೆ. ‘ಗಾಯಕ ಬಾವಿಯ ತಳದಿಂದ ಕರೆಯುತ್ತಿದ್ದಾನೆ, ನಾವು ಬಗ್ಗಿ ನೋಡಬೇಕು’ ಅಂತ ಬರೆದೆ. ಬರೆದು ನನಗೇ ಖುಷಿಯಾಯಿತು. ಆ ಸಾಲಿನ ಮೇಲೆ ನನಗೆ ಎಷ್ಟು ಪ್ರೀತಿ ಬಂತೆಂದರೆ ಎರಡನೇ ಸಲ ಕೇಳುವ ಮನಸ್ಸೇ ಬರಲಿಲ್ಲ.

ಸೋಮವಾರ ಕಚೇರಿಯಲ್ಲಿ ನಮ್ಮ ಹಿರಿಯರೊಬ್ಬರಿಗೆ ಮೇಲ್ ತೋರಿಸಿದೆ. ಇಪ್ಪತ್ತು ವರ್ಷ ಸ್ಟುಡಿಯೋದಲ್ಲಿ ಸೌಂಡ್ ಇಂಜಿನಿಯರ್ ಆಗಿದ್ದವರು. ಅವರು ಒಂದು ಮಾತೂ ಆಡದೆ ಆಲ್ಬಮ್ಮನ್ನು ತಮ್ಮ ಸ್ಪೀಕರಿನಲ್ಲಿ ಹಾಕಿದರು. ಬಾಸ್ ಗುಮ್ ಅಂತ ಬಂತು. ದನಿ ಎದುರಿಗೇ ನಿಂತು ಹಾಡಿತು.

‘ನೀನು ಯಾವುದರಲ್ಲಿ ಕೇಳಿದ್ದು?’

ಕಚೇರಿಯ ಹಳೇ ಫೋನು ಕೊಟ್ಟೆ. ಬ್ಲೂಟೂತಿನಲ್ಲಿ ದನಿ ಸ್ವಲ್ಪ ಸವೆಯುತ್ತದೆ, ತಂತಿಯ ಹೆಡ್‌ಫೋನಿನಲ್ಲೇ ಕೇಳಬೇಕು ಎನ್ನುವುದು ನಮ್ಮಲ್ಲಿ ನಿಯಮ. ಅದಕ್ಕೆಂದೇ 3.5 ಎಂಎಂ ಜ್ಯಾಕ್ ಹಾಕಲು ತೂತಿರುವ ಹಳೇ ಫೋನ್ ಇಟ್ಟುಕೊಂಡಿದ್ದೇವೆ. ಬಿದ್ದು ಒಡೆಯಬಾರದೆಂದು ಆ ಶುಕ್ರವಾರ ಮಧ್ಯಾಹ್ನವೇ ಅದಕ್ಕೊಂದು ದಪ್ಪ ರಬ್ಬರ್ ಕವರ್ ಹಾಕಿದ್ದೆ. ಸರ್ ಜ್ಯಾಕನ್ನು ಬೆರಳಲ್ಲಿ ಮುಟ್ಟಿ ನೋಡಿದರು. ಕವರ್ ಅಡ್ಡ ಬಂದು ಅದು ಪೂರ್ತಿ ಒಳಗೆ ಹೋಗಿರಲಿಲ್ಲ. ಹೆಚ್ಚೆಂದರೆ ಒಂದೆರಡು ಮಿಲಿಮೀಟರ್ ಹೊರಗಿತ್ತು. ಕವರ್ ಕಿತ್ತು ಒತ್ತಿದರು. ಟಕ್.

ಬಾವಿಯಲ್ಲಿದ್ದ ಗಾಯಕ ಮೇಲೆ ಬಂದು ನನ್ನ ಎರಡು ಕಿವಿಗಳ ನಡುವೆ ಕೂತ.

ಆಮೇಲೆ ಅವರು ಬಿಡಿಸಿ ಹೇಳಿದರು. ಹೆಡ್‌ಫೋನ್ ಪಿನ್ನಿನ ಮೇಲೆ ಕಪ್ಪು ಗೆರೆಗಳಿರುತ್ತವಲ್ಲ, ಅವು ಪಿನ್ನನ್ನು ಭಾಗ ಮಾಡುತ್ತವೆ. ತುದಿ ಎಡ ಕಿವಿಗೆ, ಮುಂದಿನ ಬಳೆ ಬಲ ಕಿವಿಗೆ, ಅದರ ನಂತರದ್ದು ಎರಡಕ್ಕೂ ಸೇರಿದ ಗ್ರೌಂಡ್, ಅಂದರೆ ಕರೆಂಟು ವಾಪಸ್ ಹೋಗುವ ದಾರಿ. ಆ ಗ್ರೌಂಡ್ ಕೂಡದೆ ಹೋದರೆ ಎಡ ಬಲ ಎರಡೂ ಒಂದರ ಹಿಂದೊಂದು ಜೋಡಿಸಿದ ಹಾಗಾಗಿ, ಎರಡರ ನಡುವಿನ ವ್ಯತ್ಯಾಸ ಮಾತ್ರ ಕೇಳುತ್ತದೆ. ಎರಡರಲ್ಲೂ ಒಂದೇ ಸಮ ಇರುವುದು ಒಂದನ್ನೊಂದು ಹೊಡೆದು ಹಾಕುತ್ತದೆ. ಸಾಮಾನ್ಯವಾಗಿ ಹಾಡುವ ದನಿ, ಬಾಸ್, ಡ್ರಮ್ಸಿನ ದೊಡ್ಡ ಏಟು ಇವನ್ನೆಲ್ಲ ಇಂಜಿನಿಯರ್‌ಗಳು ನಟ್ಟನಡುವೆ ಇಡುತ್ತಾರೆ, ಅಂದರೆ ಎರಡೂ ಕಿವಿಗೆ ಸಮನಾಗಿ. ಅವೆಲ್ಲ ಹೋದವು. ದನಿಗೆ ಹಾಕಿದ ರಿವರ್ಬ್ ಮಾತ್ರ, ಅಂದರೆ ದೇವಸ್ಥಾನದ ಪ್ರಾಕಾರದಲ್ಲಿ ಕೂಗಿದರೆ ಸುತ್ತಾಡುತ್ತದಲ್ಲ ಆ ಗುಂಗು, ಎಡಕ್ಕೊಂದು ಥರ ಬಲಕ್ಕೊಂದು ಥರ ಇದ್ದಿದ್ದರಿಂದ ಉಳಿಯಿತು. ಬಾವಿ ಹುಟ್ಟಿದ್ದು ಹೀಗೆ. ಹಳೇ ಕಾಲದ ಕರೋಕೆ ಮಿಷನ್‌ಗಳು ದನಿ ತೆಗೆಯುತ್ತಿದ್ದುದೂ ಇದೇ ಉಪಾಯದಿಂದ ಅಂತೆ.

‘ಸಿನಿಮಾ ಹಾಡು ಹಾಕಿದ್ರೆ ಎರಡು ಸೆಕೆಂಡಲ್ಲಿ ಗೊತ್ತಾಗ್ತಿತ್ತು ನಿಂಗೆ,’ ಅಂದರು ಸರ್. ‘ಇದು ಇಂಡೀ ಅಲ್ವಾ, ಹೀಗೇ ಇರತ್ತೆ ಅಂದ್ಕೊಂಡೆ ನೀನು.’

ಈ ಮಾತು ನನಗೆ ಚೆನ್ನಾಗಿ ನಾಟಿತು. ಏಕೆಂದರೆ ನಿಜ. ಈ ಜಾತಿಯ ಸಂಗೀತದಲ್ಲಿ ದೋಷ ಯಾವುದು, ಬೇಕೆಂದೇ ಮಾಡಿದ್ದು ಯಾವುದು ಅಂತ ಹೇಳುವುದು ಕಷ್ಟ. ಕ್ಯಾಸೆಟ್ ಟೇಪಿನ ಸುಯ್ಯೆನ್ನುವ ಸದ್ದನ್ನು ಬೇಕೆಂದೇ ಬಿಡುವವರಿದ್ದಾರೆ. ಒಡೆದ ಸ್ಪೀಕರಿನ ಹಾಗೆ ಗಿಟಾರ್ ಕರಕರ ಅನ್ನಲೆಂದು ಸಾವಿರಗಟ್ಟಲೆ ಕೊಟ್ಟು ಪೆಡಲ್ ಕೊಳ್ಳುವವರಿದ್ದಾರೆ. ವಿಚಿತ್ರವಾಗಿ ಕೇಳಿದ್ದನ್ನೆಲ್ಲ ‘ಓಹೋ, ಶೈಲಿ’ ಅಂತ ಒಪ್ಪಿಕೊಳ್ಳುವ ಚಟ ನಮಗೆ ಬಂದುಬಿಟ್ಟಿರುತ್ತದೆ. ಅದರ ಮೇಲೆ ಪರಿಚಯ ಪತ್ರದ ಆ ಎರಡು ಪದ. ನಾನು ಕೇಳುವ ಮುಂಚೆಯೇ ಏನು ಕೇಳಬೇಕೆಂದು ಅದು ಹೇಳಿ ಮುಗಿಸಿತ್ತು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅಂತಾರೆ ನಮ್ಮ ಕಡೆ. ನಾನು ಕಿವಿಯಾರೆ ಕೇಳಿ ನೇರ ಅಚ್ಚಿಗೆ ಕಳಿಸಿದ್ದೆ.

ಇನ್ನು ತಿದ್ದುಪಡಿ. ನಿಜವಾದ ಫಜೀತಿ ಶುರುವಾಗಿದ್ದು ಇಲ್ಲಿಂದಲೇ.

ಯಾರಿಗೂ ಹೇಳದೆ ಆ ಎರಡು ಸಾಲು ಬದಲಾಯಿಸಿಬಿಡೋಣ ಅಂತ ಮೊದಲು ಅನ್ನಿಸಿತು. ಸುಳ್ಳು ಯಾಕೆ ಹೇಳಲಿ. ನಮ್ಮ ವಿಭಾಗದ ಮೇಡಂ ಒಪ್ಪಲಿಲ್ಲ. ‘ಪೂರ್ತಿ ಹೊಸದಾಗಿ ಕೇಳಿ, ಹೊಸದಾಗಿ ಬರೀರಿ. ಹಳೇದು ಯಾಕೆ ತಪ್ಪಾಯ್ತು ಅಂತ ಮೇಲೆ ಒಂದು ಸಾಲು ಹಾಕಿ,’ ಅಂದರು. ಸರಿ, ಕೇಳಿದೆ. ಮೂರು ಸಲ ಕೇಳಿದೆ. ಸರಿಯಾದ ಜ್ಯಾಕಿನಲ್ಲಿ ಕೇಳಿದರೆ ಆಲ್ಬಮ್ ನನಗೆ ಅಷ್ಟೇನೂ ಹಿಡಿಸಲಿಲ್ಲ!

ದನಿ ಮುಂದೆ ಬಂದದ್ದೇ ಸಾಹಿತ್ಯವೂ ಮುಂದೆ ಬಂತು. ಇಂಗ್ಲಿಷ್ ಹಾಡುಗಳ ಪದಗಳು ಎಲ್ಲೋ ಕೇಳಿದಂಥವು. ಇದ್ದ ಒಂದೇ ಒಂದು ಕನ್ನಡ ಹಾಡಿನಲ್ಲಿ ರಾಗದ ಅಳತೆಗೆ ಕೂರಿಸಲು ಪದಗಳನ್ನು ಅಡ್ಡಾದಿಡ್ಡಿ ಮುರಿದಿದ್ದರು. ‘ಮಳೆಗಾಲ’ ಎನ್ನುವುದು ‘ಮಳೇ... ಗಾಲ’ ಆಗಿ, ಯಾವುದೋ ಊರಿನ ಹೆಸರಿನ ಹಾಗೆ ಕೇಳುತ್ತಿತ್ತು. ಆದರೆ ಬಾಸ್ ಇದೆಯಲ್ಲ, ನಾನು ಇಲ್ಲವೇ ಇಲ್ಲ ಅಂದಿದ್ದು, ಆಲ್ಬಮ್ಮಿನಲ್ಲಿ ತುಂಬಾ ಚೆನ್ನಾಗಿದ್ದದ್ದು ಅದೇ. ನಾಲ್ಕನೇ ಹಾಡಿನಲ್ಲಿ ಗಿಟಾರ್‌ಗಳೆಲ್ಲ ಒಮ್ಮೆಲೇ ಸುಮ್ಮನಾಗಿ, ಬಾಸ್ ಒಂದೇ ಮೂರು ಸ್ವರ ಹಿಡಿದು ಹತ್ತಿಪ್ಪತ್ತು ಸೆಕೆಂಡ್ ನಡೆಯುತ್ತದೆ. ಜಾತ್ರೆ ಮುಗಿದ ಮೇಲೆ ಖಾಲಿ ಬೀದಿಯಲ್ಲಿ ಒಬ್ಬನೇ ಮನೆಗೆ ನಡೆದು ಹೋದ ಹಾಗೆ.

ಈಗ ಏನು ಬರೆಯಲಿ? ಒಮ್ಮೆ ಅವರ ಮನಸ್ಸು ನೋಯಿಸಿದ್ದೇನೆ. ಸಮಾಧಾನಕ್ಕೆ ಹೊಗಳಿದರೆ ಅದು ಎರಡನೇ ತಪ್ಪು. ಟೀಕಿಸಿದರೆ, ತಪ್ಪು ಹಿಡಿದಿದ್ದಕ್ಕೆ ಸೇಡು ತೀರಿಸಿಕೊಂಡ ಅನ್ನುತ್ತಾರೆ. ಅದೂ ಇಂಥ ಬ್ಯಾಂಡಿನ ಬೆನ್ನಿಗೆ ದೊಡ್ಡ ಕಂಪನಿ ಇರುವುದಿಲ್ಲ. ಅವರೇ ದುಡ್ಡು ಹಾಕಿ ಸ್ಟುಡಿಯೋ ಬಾಡಿಗೆ ಕಟ್ಟಿರುತ್ತಾರೆ. 2024ರಿಂದ ಸ್ಪಾಟಿಫೈನಲ್ಲಿ ಒಂದು ಹಾಡು ವರ್ಷಕ್ಕೆ ಸಾವಿರ ಸಲವಾದರೂ ಕೇಳಿಸಿಕೊಳ್ಳದೆ ಹೋದರೆ ಅದಕ್ಕೆ ದುಡ್ಡೇ ಇಲ್ಲ. ಅಂಥ ಕಡೆ ನೂರೈವತ್ತು ಪದ ಅನ್ನುವುದು ಸಣ್ಣ ಮಾತಲ್ಲ.

ತೀರ್ಪು ಹೇಳಿ ಆಮೇಲೆ ನುಂಗಿಕೊಂಡವರಲ್ಲಿ ನಾನೇನೂ ಮೊದಲಿಗನಲ್ಲ ಬಿಡಿ. ರಾಕ್ ಬ್ಯಾಂಡ್ ರೇಡಿಯೋಹೆಡ್‌ನ ‘ಕಿಡ್ ಎ’ 2000ದ ಅಕ್ಟೋಬರಿನಲ್ಲಿ ಬಂದಾಗ ಬ್ರಿಟನ್ನಿನ ಮೆಲಡಿ ಮೇಕರ್ ಪತ್ರಿಕೆ ಐದಕ್ಕೆ ಒಂದೂವರೆ ನಕ್ಷತ್ರ ಕೊಟ್ಟಿತ್ತು. ಒಂಬತ್ತು ವರ್ಷ ಕಳೆದ ಮೇಲೆ ಅಮೆರಿಕದ ರೋಲಿಂಗ್ ಸ್ಟೋನ್ ಪತ್ರಿಕೆ ಅದನ್ನೇ ಆ ದಶಕದ ಅತ್ಯುತ್ತಮ ಆಲ್ಬಮ್ ಎಂದು ಕರೆಯಿತು. ಅಮೆರಿಕದ ಗಾಯಕಿ ಲಿಜ್ ಫೇರ್ ಅವರ 2003ರ ಆಲ್ಬಮ್ಮಿಗೆ ಸಂಗೀತ ವಿಮರ್ಶೆಯ ಜಾಲತಾಣ ಪಿಚ್‌ಫೋರ್ಕ್ ಹತ್ತಕ್ಕೆ ಸೊನ್ನೆ ಕೊಟ್ಟಿತ್ತು. ಬರೆದವರು 2019ರಲ್ಲಿ ಬಹಿರಂಗವಾಗಿ ಕ್ಷಮೆ ಕೇಳಿದರು. 2021ರಲ್ಲಿ ಪಿಚ್‌ಫೋರ್ಕೇ ಅಂಕ ತಿದ್ದಿ ಆರು ಮಾಡಿತು. ಹದಿನೆಂಟು ವರ್ಷ! ನನ್ನದು ಮೂರೇ ದಿನದಲ್ಲಿ ಮುಗಿಯಿತಲ್ಲ ಅಂತ ಸಮಾಧಾನ ಮಾಡಿಕೊಂಡೆ.

ಕೊನೆಗೆ ಕೇಳಿದ್ದನ್ನು ಕೇಳಿದ ಹಾಗೇ ಬರೆದೆ. ಮೊದಲ ಸಾಲಿನಲ್ಲಿ ಜ್ಯಾಕಿನ ಕಥೆ. ಆಮೇಲೆ ಬಾಸ್ ಬಗ್ಗೆ, ನಾಲ್ಕನೇ ಹಾಡಿನ ಆ ಖಾಲಿ ಬೀದಿಯ ಬಗ್ಗೆ. ಕನ್ನಡ ಹಾಡಿನಲ್ಲಿ ಪದ ಮುರಿದಿರುವುದನ್ನು ಯಾವ ಪದ ಎಂದು ಹೇಳಿಯೇ ಬರೆದೆ. ಬಾವಿಯ ಸಾಲನ್ನು ಅಳಿಸುವಾಗ ಸಂಕಟವಾಯಿತು, ನಿಜ. ಒಳ್ಳೇ ಸಾಲು ಅದು. ಬೇರೆ ಯಾವುದಾದರೂ ಆಲ್ಬಮ್ಮಿಗೆ ಆದೀತು ಅಂತ ಡೈರಿಯಲ್ಲಿ ಬರೆದಿಟ್ಟುಕೊಂಡಿದ್ದೇನೆ.

ಇದಾದ ಮೇಲೆ ನಮ್ಮ ಕೆಲಸದ ರೀತಿ ಸ್ವಲ್ಪ ಬದಲಾಗಿದೆ. ಪರಿಚಯ ಪತ್ರವನ್ನು ನಾನು ಮೊದಲ ಸಲ ಕೇಳಿ ಮುಗಿಯುವ ತನಕ ಓದುವುದಿಲ್ಲ. ಒಂದು ಸಲ ಹೆಡ್‌ಫೋನಿನಲ್ಲಿ, ಇನ್ನೊಂದು ಸಲ ಸ್ಪೀಕರಿನಲ್ಲಿ ಕೇಳುತ್ತೇನೆ. ಶುಕ್ರವಾರಕ್ಕೆ ಆರರ ಬದಲು ಮೂರೇ ಆಲ್ಬಮ್ ಕೊಡಿ ಅಂತ ಮೇಡಂ ಹತ್ತಿರ ಜಗಳ ಆಡಿ ಗೆದ್ದಿದ್ದೇನೆ. ಉಳಿದವು ಮುಂದಿನ ವಾರಕ್ಕೆ. ಆಲ್ಬಮ್ಮೇನು ಹಾಲಲ್ಲ, ಒಡೆದು ಹೋಗಲ್ಲ. ಬ್ಯಾಂಡಿನವರು ಕಳಿಸಿದ ಫೈಲನ್ನೂ ಆ್ಯಪ್‌ನಲ್ಲಿರುವ ಹಾಡನ್ನೂ ಹೋಲಿಸುವಾಗ ದನಿಯ ಮಟ್ಟ ಸಮ ಮಾಡಿಕೊಳ್ಳುವುದನ್ನು ಸರ್ ಕಲಿಸಿದರು. ಜೋರಾಗಿರುವುದು ಚೆನ್ನಾಗಿದೆ ಅಂತಲೇ ಕಿವಿ ಹೇಳುತ್ತದಂತೆ. ಅದಕ್ಕೆ ಮುಂಚೆ ಎಷ್ಟು ಆಲ್ಬಮ್‌ಗಳನ್ನು ನಾನು ಬರೀ ಜೋರಿಗೆ ಮೆಚ್ಚಿದ್ದೇನೋ ದೇವರಿಗೇ ಗೊತ್ತು.

ಇನ್ನೊಂದು ಬದಲಾವಣೆ ಟೀ ಹೊತ್ತಿನದು. ಮುಂಚೆ ನಾಲ್ಕು ಗಂಟೆಗೆ ಎಲ್ಲರೂ ಟೀ ಲೋಟ ಹಿಡಿದು ‘ಏನನ್ನಿಸ್ತು?’ ಅಂತ ಮಾತಾಡುತ್ತಿದ್ದೆವು. ಮೊದಲು ಬಾಯಿ ಬಿಟ್ಟವರದ್ದೇ ಅಭಿಪ್ರಾಯ, ಉಳಿದವರು ಅದಕ್ಕೆ ಒಗ್ಗರಣೆ. ಈಗ ಟೀ ಬರುವ ಮುಂಚೆಯೇ ಪ್ರತಿಯೊಬ್ಬರೂ ಚೀಟಿಯಲ್ಲಿ ಎರಡು ಸಾಲು ಬರೆದು ಮಡಚಿ ಇಡುತ್ತೇವೆ. ಆಮೇಲೆ ಬಿಡಿಸುತ್ತೇವೆ. ಒಂದೇ ಹಾಡಿಗೆ ಒಬ್ಬರು ‘ನಿದ್ದೆ ಬಂತು’, ಇನ್ನೊಬ್ಬರು ‘ಅಳು ಬಂತು’ ಅಂತ ಬರೆದದ್ದಿದೆ. ಆ ದಿನ ಟೀ ತಣ್ಣಗಾಗುತ್ತದೆ.

ಮತ್ತೆ, ಕನ್ನಡದ ವಿಷಯ. ಇಂಗ್ಲಿಷಿನಲ್ಲಿ ಬರೆಯುವ ನನ್ನ ಗೆಳೆಯರಿಗೆ ಡ್ರೀಮೀ, ಲಶ್, ಹಾಂಟಿಂಗ್ ಅಂತ ಸಿದ್ಧ ಪದಗಳಿವೆ. ತೆಗೆದು ಅಂಟಿಸಿದರೆ ಆಯಿತು. ಮೊದಮೊದಲು ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಈಗ ಇಲ್ಲ. ಸಿದ್ಧ ಪದ ಇಲ್ಲದ್ದರಿಂದ ಕಿವಿಗೆ ಬಿದ್ದದ್ದೇನು ಅಂತ ಯೋಚಿಸಲೇಬೇಕು. ಊರಹಬ್ಬದ ಹಾರ್ನ್ ಸ್ಪೀಕರಿನ ಕರಕರವೋ, ಮಿಕ್ಸಿ ಜಾರಿನ ಕರಕರವೋ? ಎರಡೂ ಬೇರೆ. ಇಂಗ್ಲಿಷಿನವರು ಎರಡಕ್ಕೂ ಡಿಸ್ಟಾರ್ಷನ್ ಅಂತ ಬರೆದು ಊಟಕ್ಕೆ ಹೋಗುತ್ತಾರೆ.

ಹೊಸ ಟಿಪ್ಪಣಿ ಹೊರಬಿದ್ದ ಮರುದಿನ ಆ ಡ್ರಮ್ಮರ್ ಮತ್ತೆ ಬರೆದರು. ಪದ ಮುರಿದ ವಿಷಯದಲ್ಲಿ ಅವರಿಗೆ ನನ್ನ ಮಾತು ಒಪ್ಪಿಗೆಯಿಲ್ಲ. ಅದನ್ನು ಬೇಕೆಂದೇ ಹಾಗೆ ಮಾಡಿದ್ದಂತೆ. ಇರಬಹುದು. ನಾನೂ ನನ್ನ ಮಾತು ಬಿಡಲಿಲ್ಲ. ನಾಲ್ಕು ಮೇಲ್ ಜಗಳ ನಡೆಯಿತು, ಚೆನ್ನಾಗಿಯೇ ನಡೆಯಿತು. ಕೊನೆಯ ಮೇಲಿನ ಕೆಳಗೆ ಒಂದು ಸಾಲು ಸೇರಿಸಿದ್ದರು: ‘ಬಾಸ್ ನುಡಿಸೋನು ಈಗ ಮಾತಾಡ್ತಿದ್ದಾನೆ ಸರ್. ಜಾಸ್ತೀನೇ ಮಾತಾಡ್ತಿದ್ದಾನೆ.’

ರಬ್ಬರ್ ಕವರಿನ ತೂತನ್ನು ಬ್ಲೇಡಿನಿಂದ ಕೊಯ್ದು ದೊಡ್ಡದು ಮಾಡಿದ್ದೇವೆ.